ಸಕ್ಕರೆ ಕೇಳಿದ ಮ್ಯಾನೇಜರ್

ಮಾನ್ವಿಯ ನಮ್ಮ ಮನೆಗೆ ಹೊಸ ತಗಡು ಹಾಕಿಸಲು ಪರ್ಸನಲ್ ಲೋನ್ ತೆಗೆದಿದ್ದೆ. ಮೂರು ವರ್ಷದ ಸಾಲ. ಒಂದು ದಿನ ಮೊಬೈಲಿಗೆ ಮೆಸೇಜು ಬಂತು: "ನಿಮ್ಮ ಕೋರಿಕೆಯಂತೆ ಅವಧಿಯನ್ನು ಐದು ವರ್ಷಕ್ಕೆ ವಿಸ್ತರಿಸಲಾಗಿದೆ." ನಾನು ಕೋರಿರಲೇ ಇಲ್ಲ. ಎರಡು ವರ್ಷದ ಹೆಚ್ಚಿನ ಬಡ್ಡಿ ಯಾರು ಕಟ್ಟಬೇಕು ಎಂದುಕೊಂಡು ರಾಯಚೂರಿನ ಬಸ್ಸು ಹತ್ತಿದೆ.

ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಮ್ಯಾನೇಜರ್ ಬಲು ಮರ್ಯಾದಸ್ಥ. "ಬರ್ರಿ, ಕುಂದರ್ರಿ" ಎಂದು ಫ್ಯಾನು ನನ್ನ ಕಡೆ ತಿರುಗಿಸಿದ. ಮೆಸೇಜು ತೋರಿಸಿದೆ.

"ನಿಮಗ ಕಂತು ಭಾರ ಆಗಬಾರದಂತ ನಾವೇ ಕಡಿಮಿ ಮಾಡೇವ್ರಿ. ನಿಮ್ಮ ಒಳ್ಳೇದಕ್ಕ" ಎಂದ. ಚಹಾ ತರಿಸಲು ಫೋನ್ ಎತ್ತಿದವನು ನನ್ನತ್ತ ತಿರುಗಿ ಕೇಳಿದ: "ಸಕ್ಕರಿ ನಡೀತದೇನ್ರಿ?"

"ಸಾಹೇಬ್ರ, ಒಂದು ಚಮಚ ಸಕ್ಕರಿ ಹಾಕಾಕ ನನ್ನ ಕೇಳಾಕತ್ತೀರಿ. ಎರಡು ವರ್ಷ ಹಾಕುವಾಗ ಕೇಳಬೇಕು ಅನಸಲಿಲ್ಲೇನ್ರಿ?"

ಅವನು ಫೋನ್ ಕೆಳಗಿಟ್ಟ. ಕಂಪ್ಯೂಟರಿನಲ್ಲಿ ನನ್ನ ಖಾತೆ ತೆರೆದು, "ಆ ಎರಡು ವರ್ಷ ತಗಸ್ತೀನ್ರಿ" ಎಂದ.

ತೆಗೆಸಿದ, ಸುಳ್ಳು ಹೇಳಬಾರದು. ಆದರೆ ಅದಕ್ಕೆ ನನ್ನ ಅರ್ಜಿ, ಸಹಿ, ಆಧಾರ್ ಜೆರಾಕ್ಸು, ಹೊಸ ಫೋಟೋ ಎಲ್ಲವೂ ಬೇಕಾದವು. ಇಷ್ಟೆಲ್ಲ ಯಾಕೆ ಎಂದು ಕೇಳಿದೆ.

"ಗಿರಾಕಿ ಒಪ್ಪಿಗಿ ಇಲ್ಲದ ನಾವು ಏನೂ ಬದಲಿ ಮಾಡಂಗಿಲ್ರಿ" ಎಂದ ಮ್ಯಾನೇಜರ್, ಅದೇ ಮರ್ಯಾದೆಯಿಂದ.