ಆಯಿಯ ಎಡಗೈ

ನಾನು ಸಣ್ಣವಳಿದ್ದಾಗ ನಮ್ಮ ಕಡೆ ಮುಪ್ಪಿನವರನ್ನು ನೋಡಿಕೊಳ್ಳುವುದು ಅಂತ ಒಂದು ಬೇರೆ ಕೆಲಸವೇ ಇರಲಿಲ್ಲ. ಒಲೆ ಉರಿಯುತ್ತಿತ್ತು, ಕೂಸು ಅಳುತ್ತಿತ್ತು, ಮೂಲೆಯಲ್ಲೊಬ್ಬ ಮುದುಕಿ ಕೆಮ್ಮುತ್ತಿದ್ದಳು. ಎಲ್ಲವನ್ನೂ ಅವೇ ಕೈಗಳು ನೋಡುತ್ತಿದ್ದವು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಕಮಲಾಪುರದಲ್ಲಿದ್ದ ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಲಕ್ವಾ ಹೊಡೆದು ಎಡಭಾಗ ಬಿದ್ದುಹೋಯಿತು. ಆಗ ಮಾತ್ರ ಮನೆಯವರೆಲ್ಲ ಮದುವೆಗೆ ಕೂತಂತೆ ಕೂತು ಯೋಜನೆ ಹಾಕಿದರು.

ನಮ್ಮ ಮನೆ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಅಪ್ಪ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮ. ಗಾಳಿಯಲ್ಲೇ ತೊಗರಿ ಧೂಳು. ಮುಂಜಾನೆ ಒಣಹಾಕಿದ ಬಟ್ಟೆಗೆ ಸಂಜೆಯೊಳಗೆ ಬೇಳೆಯ ವಾಸನೆ ಹತ್ತುತ್ತಿತ್ತು. ದವಾಖಾನೆ ಹತ್ತಿರವೆಂದು ಆಯಿಯನ್ನು ನಮ್ಮಲ್ಲೇ ಇಡುವುದೆಂದಾಯಿತು. ಹೊಲ ನೋಡುವ ದೊಡ್ಡಪ್ಪ ಕಮಲಾಪುರದಿಂದ ಜೋಳ, ತುಪ್ಪ ತರಬೇಕು. ಎಣ್ಣೆ ತಿಕ್ಕುವುದು, ಎಬ್ಬಿಸಿ ಕೂಡಿಸುವುದು, ಗುಳಿಗೆ ಕೊಡುವುದು ಅವ್ವನ ಪಾಲು. ಡಾಕ್ಟರರನ್ನು ಕಾಣುವುದು ಅಪ್ಪನದು. ಆಯಿ ಕರೆದಾಗ ಓಡಿ ಬರುವುದು ನನ್ನದು.

"ಇಕೀಗಾ?" ಅಂತ ದೊಡ್ಡಪ್ಪ ನಕ್ಕ. "ಕಾಲಿಗಿ ಚಕ್ರ ಕಟ್ಕೊಂಡಾಳ. ಕರದ್ರ ಜಗತ್ ಸರ್ಕಲ್ ತನಕ ಓಡ್ತಾಳ, ಆಯಿ ತನಕ ಬರಂಗಿಲ್ಲ."

ಮಾತು ಸುಳ್ಳೇನಲ್ಲ. ನನಗೆ ಒಂದೆಡೆ ಕೂತರೆ ಮೈಯೆಲ್ಲ ಇರುವೆ ಹರಿದಂತಾಗುತ್ತಿತ್ತು. ಈಗಲೂ ಹಾಗೇ.

ಪಡಸಾಲೆಯ ಕಿಟಕಿ ಪಕ್ಕಕ್ಕೆ ಹೊರಸು ಬಂತು, ಅದರ ಮೇಲೆ ಹೊಸ ಕೌದಿ. ಹಿರಿಯರು ಎಲ್ಲವನ್ನೂ ಯೋಚಿಸಿದ್ದರು. ಎಡಗೈ ಮಾತು ಬಂದಾಗ ಮಾತ್ರ ಅಪ್ಪ, "ಪುಣ್ಯಾ, ಎಡಗೈ ಹೋಯ್ತು. ಬಲಗೈ ಉಳದಾದ, ಉಣ್ಣಾಕ ತ್ರಾಸಿಲ್ಲ" ಅಂದ. ಎಲ್ಲರೂ ಹೌದೌದೆಂದು ತಲೆಯಾಡಿಸಿದರು.

ಆದರೆ ಆಯಿ ಉಣ್ಣಲಿಲ್ಲ. ನಮ್ಮಲ್ಲಿಗೆ ಬಂದ ಮರುದಿನದಿಂದಲೇ ತಟ್ಟೆ ದೂಡತೊಡಗಿದಳು. "ಹಸಿವಿಲ್ಲವ್ವಾ" ಅನ್ನುವಳು, ಗೋಡೆ ಕಡೆ ಮುಖ ಮಾಡುವಳು. ದವಾಖಾನೆಯಲ್ಲಿ ಗಂಜಿ ಕುಡಿದವಳು ಮನೆಗೆ ಬಂದು ಬರೀ ನೀರು ಕುಡಿಯುತ್ತಿದ್ದಳು. ಅವ್ವ ಜೋಳದ ರೊಟ್ಟಿಯನ್ನು ಹಾಲಲ್ಲಿ ಮೆತ್ತಗೆ ಮಾಡಿ ಕೊಟ್ಟಳು, ಹೆಸರುಬೇಳೆ ತೊವ್ವೆ ಮಾಡಿದಳು, ಅಂಬಲಿಗೆ ಮಜ್ಜಿಗೆ ಬೆರೆಸಿದಳು. ಯಾವುದೂ ನಡೆಯಲಿಲ್ಲ. ಅವ್ವ ಒಲೆ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು, ಕೇಳಿದರೆ ಹೊಗೆ ಅನ್ನುವಳು. ಡಾಕ್ಟರರು ಅಪ್ಪನನ್ನು ಹೊರಗೆ ಕರೆದು, "ಹೊಟ್ಟಿಗೆ ಏನೂ ಬೀಳ್ದ ಈ ಗುಳಿಗಿ ತಡ್ಯಂಗಿಲ್ಲ. ಹಿಂಗೇ ಆದ್ರ ಉಳಿಯೂದು ಕಷ್ಟ" ಅಂದಿದ್ದರು. ಮನೆಯಲ್ಲಿ ಎಲ್ಲರೂ ಕಾಲು ಸುಟ್ಟ ಬೆಕ್ಕಿನಂತೆ ಒಳಗೆ ಹೊರಗೆ ತಿರುಗುತ್ತಿದ್ದರು.

ನನಗೆ ಮಾತ್ರ ಒಂದು ಸಂಗತಿ ಗೊತ್ತಿತ್ತು.

ಆಯಿ ಲಿಂಗಪೂಜೆಯನ್ನು ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಮಾಡುವವಳು. ಪೂಜೆಯಾಗದೆ ಬಾಯಿಗೆ ಅನ್ನ ಇಲ್ಲ. ಅವಳು ಬಂದ ಮರುದಿನ ಅವ್ವ ಮೈ ತೊಳೆಸಿ, ಹಣೆಗೆ ವಿಭೂತಿ ಹಚ್ಚಿ, ನೀರು, ಪತ್ರಿ ಹೊರಸಿನ ಮೇಲಿಟ್ಟು ಬಾಗಿಲು ಮುಂದೆ ಮಾಡಿ ಬಂದಳು. ನಾನು ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತಿದ್ದೆ. ಬಿಲ್ಲೆ ಕಿಟಕಿ ಬುಡಕ್ಕೆ ಹೋಯಿತು. ಎತ್ತಲು ಹೋದವಳು ಒಳಗೆ ಇಣುಕಿದೆ. ಆಯಿ ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆ ಮೇಲಿಟ್ಟುಕೊಂಡಳು, ಬೆರಳು ಬಿಡಿಸಿದಳು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಅಂಗೈ ಮೇಲಿಟ್ಟಳು. ಕೈ ತಾನಾಗಿ ವಾಲಿತು. ಲಿಂಗ ಕೌದಿಯ ಮೇಲಿಂದ ಜಾರಿ ಟಪ್ಪೆಂದು ಕಲ್ಲುಹಾಸಿನ ನೆಲಕ್ಕೆ ಬಿತ್ತು.

ಲಿಂಗ ನೆಲಕ್ಕೆ ಬಿದ್ದರೆ ಜೀವ ಇಟ್ಟುಕೊಳ್ಳಬಾರದು ಅನ್ನುವ ಕಾಲದವಳು ಅವಳು. ಹೊರಸಿನಿಂದ ಇಳಿಯಲಾರದೆ ಅದನ್ನೇ ನೋಡುತ್ತ ಕೂತಿದ್ದಳು. ನಾನು ಒಳಗೆ ಓಡಿದೆ.

"ಮುಟ್ಟಬ್ಯಾಡ! ಜಳಕಾ ಆಗ್ಯಾದೇನು?"

"ಇಲ್ಲ."

"ಕೈಕಾಲರ ತೊಳಕೊಂಡ್ ಬಾ."

ತೊಳೆದುಕೊಂಡು ಬಂದು ಎತ್ತಿಕೊಟ್ಟೆ. ಕಣ್ಣಿಗೊತ್ತಿಕೊಂಡು ಕರಡಿಗೆಗೆ ಹಾಕಿದಳು. "ಯಾರಿಗೂ ಹೇಳಬ್ಯಾಡ ಕಸ್ತೂರಿ" ಅಂದಳು. ಹೇಳಬಾರದು ಅನ್ನುವುದಷ್ಟೇ ನನಗೆ ತಿಳಿದದ್ದು. ಅದಕ್ಕೂ ಊಟಕ್ಕೂ ಏನು ಸಂಬಂಧ ಅಂತ ಹೊಳೆಯಲಿಲ್ಲ.

ಸಂತೆ ಮುಗಿಸಿ ದೊಡ್ಡಪ್ಪ ಬಂದ. ಕೈಯಲ್ಲಿ ಆಯಿಗೆ ಇಷ್ಟವಾದ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು. ಅದರ ವಾಸನೆ ಪಡಸಾಲೆ ತುಂಬಿತು. ಸುಲಿದು ಬಾಯಿಗೆ ಹಿಡಿದರೂ ಆಯಿ ತುಟಿ ತೆರೆಯಲಿಲ್ಲ. ದೊಡ್ಡಪ್ಪನ ಮುಖ ಸಣ್ಣದಾಯಿತು. ಅಪ್ಪನ ಕಡೆ ತಿರುಗಿದ.

"ಶರಣೂ, ಅವ್ವಗ ಈ ಮನಿ ರೊಟ್ಟಿ ಸೇರವಲ್ದು ಕಾಣಸ್ತದ. ನಾಳಿ ನಾ ಊರಿಗಿ ಕರ್ಕೊಂಡ್ ಹೋಗ್ತೀನಿ" ಅಂದ.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಬಸ್ಸಿನ್ಯಾಗ ಹ್ಯಾಂಗ ಒಯ್ತಿ ಅಣ್ಣಾ? ದಾರ್ಯಾಗ ಏನರ ಆದ್ರ?"

"ಇಲ್ಲಿ ಉಪಾಸ ಸಾಯೂದ್ಕಿಂತ ಚಲೋ."

ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಮೊದಲೇ ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. "ರೊಟ್ಟಿ ಸಲುವಾಗಿ ಅಲ್ಲ! ಆಯಿ ಪೂಜಾನೇ ಆಗಿಲ್ಲ. ಲಿಂಗ ಕೈಯಾಗ ನಿಂದ್ರವಲ್ದು. ಕೆಳಗ ಬಿತ್ತು" ಅಂದುಬಿಟ್ಟೆ.

ದಿನಾ ತಮ್ಮದೇ ಎಡಗೈ ಮೇಲೆ ಲಿಂಗವಿಟ್ಟು ಪೂಜೆ ಮಾಡುವ ಅಣ್ಣತಮ್ಮಂದಿರು! ಎಡಗೈ ಹೋದದ್ದು ಪುಣ್ಯ ಅಂದಿದ್ದ ಅಪ್ಪ ತನ್ನ ಅಂಗೈಯನ್ನೇ ನೋಡಿಕೊಂಡ. ಆಯಿ ಮಗುವಿನಂತೆ ಅತ್ತಳು.

"ಬಿದ್ದಾದವ್ವಾ. ಇನ್ ನಾ ಹ್ಯಾಂಗ ಉಣ್ಲಿ?"

ಅವ್ವ ಕೈ ತೊಳೆದುಕೊಂಡು ಬಂದು ಹೊರಸಿನ ಮೇಲೆ ಕೂತಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಸರಿಸಮ ಕೂತವಳಲ್ಲ.

"ಕೂಸು ಕೆಳಗ ಬಿದ್ರ ಎತ್ಕೋತಾರೋ, ಬಿಟ್ ಹೋಗ್ತಾರೋ ಅತ್ತೀ?"

ಆಯಿ ಕೊರಳ ಕರಡಿಗೆಯನ್ನು ಮುಟ್ಟಿಕೊಂಡಳು.

ಅವ್ವ ತನ್ನ ಎಡ ಅಂಗೈಯನ್ನು ಆಯಿಯ ಸತ್ತ ಅಂಗೈ ಕೆಳಗೆ ಒಡ್ಡಿ ಮೇಲೆತ್ತಿದಳು. "ಗಡಬಡ ಬ್ಯಾಡ್ರೀ ಅತ್ತೀ, ನಾ ಹಿಡದೀನಿ" ಅಂದಳು. ಆಯಿ ಬಲಗೈಯಿಂದ ಲಿಂಗ ಇಟ್ಟಳು, ನೀರೆರೆದಳು, ಪತ್ರಿ ಏರಿಸಿದಳು. ಇಬ್ಬರ ಬೆರಳ ಸಂದಿಯಿಂದ ನೀರು ಇಳಿದು ಹೊಸ ಕೌದಿ ನೆನೆಯಿತು. ಯಾರೂ ಎದ್ದು ಹೋಗಲಿಲ್ಲ. ನಾನು ಕೂಡ ಅಲುಗಾಡದೆ ನಿಂತಿದ್ದೆ. ಆಮೇಲೆ ಆಯಿ ದೊಡ್ಡಪ್ಪನ ಬಾಳೆಹಣ್ಣು ತಿಂದಳು, ಇನ್ನೊಂದು ಕೇಳಿದಳು. ಅಂದಿನಿಂದ ಆಯಿ ಇರುವ ತನಕ ಮುಂಜಾನೆ ಆ ಪೂಜೆ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಯಾವ ಕೆಲಸವೂ ಮುಂದೆ ಹೋಗುತ್ತಿರಲಿಲ್ಲ. ಅಂಗಡಿಗೆ ತಡವಾದರೂ ಅಪ್ಪ ಕಾಯುತ್ತಿದ್ದ.

ಈಗ ಅವ್ವನೇ ಮುದುಕಿ. ಮರೆವು ಹತ್ತಿದೆ. ತನ್ನ ಪೂಜೆ ಮರೆತಿದ್ದಾಳೆ, ಒಮ್ಮೊಮ್ಮೆ ನನ್ನನ್ನೂ. ಮನೆಯಲ್ಲಿ ಏರಿಳಿಯುವ ಮಂಚವಿದೆ, ಗಾಳಿ ತುಂಬಿದ ಹಾಸಿಗೆಯಿದೆ. ಪಾಳಿ ಹಚ್ಚಿ ಬರುವ ಹೆಣ್ಣುಮಕ್ಕಳು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆಯಿಗೆ ಇದ್ದುದಕ್ಕಿಂತ ನೂರು ಪಾಲು ಸೌಕರ್ಯ. ನಾನು ಕಮಲಾಪುರದಲ್ಲಿ ಶಾಲೆಯ ಟೀಚರು. ಮುಂಜಾನೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಒಂದು ಕಾಲು ಹೊಸ್ತಿಲಾಚೆಗೇ ಇರುತ್ತದೆ.

ಮೊನ್ನೆ ಹೊರಡುವಾಗ ಮುಂಜಾನೆ ಪಾಳಿಯ ಹುಡುಗಿ ಕರೆದಳು. "ಅಕ್ಕಾರ, ಅಮ್ಮಾರು ದಿನಾ ಜಳಕಾ ಆದ ಮ್ಯಾಲ ಎಡಗೈ ಹಿಂಗ ಒಡ್ತಾರ್ರೀ. ಗುಳಿಗಿ ಕೇಳ್ತಾರಂತ ಕೊಡ್ತೀನಿ. ತಗೋಳಂಗಿಲ್ಲ, ಸುಮ್ಮ ಕೂಡ್ತಾರ."

ಹೋಗಿ ನೋಡಿದೆ. ಬೇಡುವ ಕೈಯಲ್ಲ ಅದು. ಸ್ವಲ್ಪ ತಗ್ಗಿಸಿ, ಮೇಲಿಂದ ಭಾರ ಬರುತ್ತದೆಂದು ಬಿಗಿಹಿಡಿದ ಕೈ. ಎಷ್ಟು ದಿನದಿಂದ ಹೀಗೆ ಒಡ್ಡಿಕೊಂಡು ಕಾಯುತ್ತಿದ್ದಳೋ. ಅಂಗೈ ನಡುವೆ ಗುಳಿಗೆ ಕೂತಿತ್ತು.

ಗುಳಿಗೆ ತೆಗೆದು ನನ್ನ ಎಡಗೈಯನ್ನು ಅದರ ಮೇಲಿಟ್ಟೆ. ಅವ್ವ ಕೆಳಗಿನಿಂದ ಎತ್ತಿ ಹಿಡಿದಳು.

"ಗಡಬಡ ಬ್ಯಾಡ್ರೀ ಅತ್ತೀ, ನಾ ಹಿಡದೀನಿ" ಅಂದಳು.

ಅಂದು ಬಸ್ಸು ತಪ್ಪಿತು. ಮರುದಿನ ಮಾತ್ರ ಹಿಡಿಯಲೇಬೇಕಿತ್ತು.