ಗೋಡೆಗೆ ಮುಖ ಮಾಡಿದ ಪರದೆ

ಖಾದರ್ ಸಾಹೇಬರು ಬಳಸಿದ ಕಾರ್ಬನ್ ಹಾಳೆಯನ್ನು ಎಂದೂ ಕಸದ ಬುಟ್ಟಿಗೆ ಹಾಕಿದವರಲ್ಲ. ಶಿಕಾರಿಪುರದ ತಾಲ್ಲೂಕು ಕಚೇರಿಯ ಎದುರು ಕೂತು ಅರ್ಜಿ ಟೈಪು ಮಾಡುತ್ತಿದ್ದ ಅವರು, ಅರ್ಜಿಯ ಜೊತೆ ಕಾರ್ಬನ್ನನ್ನೂ ಮಡಿಸಿ ಕೈಗಿಡುತ್ತಿದ್ದರು. "ಬೆಳಕಿಗೆ ಹಿಡಿದ್ರೆ ಪೂರಾ ಓದ್ಬೋದು. ನಿಮ್ ಮಾತು, ನೀವೇ ತಗೊಂಡ್ ಹೋಗ್ರಿ." ಪಕ್ಕದ ಟೈಪಿಸ್ಟುಗಳು ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಅವರು ಮಳಿಗೆ ಹಿಡಿದು ಕಂಪ್ಯೂಟರ್ ತಂದರು. ಊರಿನಲ್ಲಿ ಇಂಟರ್ನೆಟ್ ಇದ್ದ ಅಂಗಡಿ ಅದೊಂದೇ. ಪರದೆಯ ಮುಖ ಗೋಡೆಯ ಕಡೆಗೆ; ಗೋಡೆಗೆ ಬೆನ್ನು ಕೊಟ್ಟು ಕೂತವರಿಗೆ ಮಾತ್ರ ಕಾಣುತ್ತಿತ್ತು.

ನಾನಾಗ ಖಾಸಗಿ ಕಾಲೇಜೊಂದರಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಅಲ್ಲಿನ ಹಾಸ್ಟೆಲಿನಲ್ಲಿ ಹುಡುಗಿಯರಿಗೆ ಬಂದ ಕಾಗದಗಳನ್ನು ಒಡೆದು ಓದಿ, ಬೇಕೆನಿಸಿದರೆ ಮಾತ್ರ ಕೊಡುತ್ತಿದ್ದರು. ಸಾಹೇಬರ ಅಂಗಡಿಯಿಂದ ನಾನು ಹೆಸರು ಹಾಕದೆ ಮಾನವ ಹಕ್ಕುಗಳ ಆಯೋಗಕ್ಕೆ ಇ-ಮೇಲ್ ಕಳಿಸಿದೆ. ಆಯೋಗ ಆ ಇ-ಮೇಲಿನ ಪ್ರತಿಯನ್ನೂ ಲಗತ್ತಿಸಿ ಕಾಲೇಜಿನಿಂದ ವಿವರಣೆ ಕೇಳಿತು.

ಮರುವಾರವೇ ಕಾಲೇಜಿನ ಕಾರ್ಯದರ್ಶಿ ಅಂಗಡಿಗೆ ಬಂದರು. ಮಳಿಗೆಯ ಮಾಲೀಕರೂ ಅವರೇ. ನಾನು ಪರದೆಯ ಹಿಂದೆ ಕೂತಿದ್ದೆ.

"ಸಾಬ್ರೆ, ಇಂಟರ್ನೆಟ್ ಇರೋದು ನಿಮ್ಮೊಬ್ರತ್ರ. ಬರ್ದೋರು ಯಾರ್ರೀ?"

"ಹೋದ್ ವರ್ಷ ನೀವು ಎಂತೆಂಥಾ ಅರ್ಜಿ ಟೈಪ್ ಮಾಡ್ಸಿದ್ರಿ ಅಂತ ಯಾರಾರ ಕೇಳಿದ್ರೆ ಹೇಳ್ಲೇನ್ರಿ?"

ಕಾರ್ಯದರ್ಶಿಗಳ ಮುಖ ಕೆಂಪಾಯಿತು. "ಹಂಗಾರೆ ತಿಂಗ್ಳೊಳಗೆ ಮಳಿಗೆ ಖಾಲಿ ಮಾಡ್ರಿ."

"ಆಗ್ಲಿ ಬಿಡ್ರಿ. ಮಳಿಗೆ ನಿಮ್ದು. ಹೆಸ್ರು ನಿಮ್ದಲ್ಲ."

ನಾನು ತಲೆ ಎತ್ತಲಿಲ್ಲ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಸಾಹೇಬರು ಕಂಪ್ಯೂಟರ್ ಸಮೇತ ಸೊರಬಕ್ಕೆ ಹೋಗಿ ಬಸ್ ನಿಲ್ದಾಣದ ಹತ್ತಿರ ಸಣ್ಣ ಕೋಣೆ ಹಿಡಿದರು; ಅಲ್ಲೂ ಪರದೆಯ ಮುಖ ಗೋಡೆಯ ಕಡೆಗೇ. ಕೆಲವು ತಿಂಗಳ ನಂತರ ಹೇಳಿಕಳಿಸಿದರು. ಹೋದರೆ, ಅವರ ಕೈಯಲ್ಲಿ ಪತ್ರಿಕೆಯ ತುಣುಕು. ಇಂಟರ್ನೆಟ್ಟಿಗೆ ನಿಯಮ ಮಾಡಲು ದೇಶದೇಶಗಳವರು ಸಭೆ ಸೇರುತ್ತಿದ್ದರು. ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದಿತ್ತು.

"ಇಂಗ್ಲೀಷ್‌ನಾಗೆ ಬರೀರಿ ಮೇಡಂ. ಮಂದಿ ಕಾಗ್ದ ಒಡೆಯೋ ಹಕ್ಕು ಯಾವ ಸರ್ಕಾರಕ್ಕೂ ಕೊಡ್ಬ್ಯಾಡ್ರಿ. ಬರ್ದೋರ ಹೆಸ್ರು ಹೇಳು ಅಂತ ಅಂಗಡಿಯೋನ ಕುತ್ತಿಗಿ ಹಿಡೀಬ್ಯಾಡ್ರಿ. ಕೆಳಗೆ ನನ್ ಹೆಸ್ರು, ಊರು ಹಾಕ್ರಿ. ಸೊರಬ ಅಂತ ಒಂದ್ ಊರೈತಿ, ಅಲ್ಲಿ ಮಂದಿಗೂ ಬಾಯಿ ಐತಿ ಅಂತ ತಿಳೀಲಿ."

ಬರೆದೆ. ಅದರ ಕೆಳಗೆ ಹಾಸ್ಟೆಲಿನ ಕಾಗದಗಳ ವಿಷಯ ಸೇರಿಸಿ, ನನ್ನ ಪೂರ್ತಿ ಹೆಸರು, ಕಾಲೇಜಿನ ವಿಳಾಸ ಹಾಕಿದೆ. ಕಾರ್ಯದರ್ಶಿಗಳಿಗೂ ಒಂದು ಪ್ರತಿ ತೆಗೆಯಲು ಹೇಳಿದೆ.

ಸಾಹೇಬರು ಕನ್ನಡಕ ಏರಿಸಿ ಓದಿದರು. "ಹೆಸ್ರು ಕೇಳ್ಬ್ಯಾಡ್ರಿ ಅಂತ ಬರ್ದು, ನೀವೇ ಹೆಸ್ರು ಹಾಕ್ತೀರಲ್ರೀ! ಕೆಲ್ಸ ಹೋದೀತು."

"ಹೋಗ್ಲಿ ಸಾಹೇಬ್ರೇ. ಅವ್ರು ಕೇಳಿದ್ರೆ ಹೇಳ್ತಿರ್ಲಿಲ್ಲ. ನಾನಾಗೇ ಹೇಳ್ತಿದೀನಿ."

ಅವರು ಬಹಳ ಹೊತ್ತು ನಕ್ಕರು. ಅದೇ ನಮ್ಮ ಕೊನೆಯ ಭೇಟಿ; ಮುಂದಿನ ಬೇಸಿಗೆಗೆ ಅವರು ತೀರಿಕೊಂಡರು. ಆ ದಿನ ಮಾತ್ರ, ಕಳಿಸುವ ಮೊದಲು, ಅವರು ಎದ್ದು ಎರಡೂ ಕೈಯಲ್ಲಿ ಪರದೆಯನ್ನು ಹಿಡಿದು ರಸ್ತೆಯ ಕಡೆಗೆ ತಿರುಗಿಸಿದರು.