ಕುಂಕುಮ ಮೆತ್ತಿದ ಎಣ್ಣೆ ಮುಚ್ಚಳ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಹುಣಸೆ ಎಲೆಗಳ ಮೇಲೆ ಎಣ್ಣೆಯ ಮೊದಲ ಹನಿ ಬಿತ್ತು. ರಾಹುಕಾಲ ಕಳೆಯಲೆಂದು ಗಡಿಯಾರ ನೋಡುತ್ತ ಕಾದಿದ್ದರಿಂದ ಹೊತ್ತು ಮರೆತಿಲ್ಲ. ಅಂದು ವಿಜಯದಶಮಿ. ವಿಜಯನಗರ ಬಡಾವಣೆಯ ಆಚೆ ಹೊಸ ಸೈಟುಗಳಾಗುತ್ತಿದ್ದ ಕಾಲ. ನನ್ನ ಭಾವ, ಅಕ್ಕನ ಗಂಡ, ಸೈಟಿಗೆ ಅಡ್ಡವಾದ ಮರಗಳನ್ನು ಕಡಿಯುವ ಗುತ್ತಿಗೆ ಹಿಡಿಯುತ್ತಿದ್ದರು. ಡಿಗ್ರಿ ಮುಗಿಸಿ ಕೆಲಸ ಸಿಗದ ನಾನು ಕೆಳಗೆ ನಿಂತು ಹಗ್ಗ ಹಿಡಿಯುತ್ತಿದ್ದೆ.

ಅವರ ಬಳಿ ಪರದೇಶದ ಹಳೆಯ ಗರಗಸ ಯಂತ್ರವೊಂದಿತ್ತು. ಪೆಟ್ರೋಲಿನಿಂದ ಓಡುವಂಥದ್ದು, ಹಲ್ಲಿನ ಸರಪಳಿ ತಿರುಗಿ ಮರ ಕೊಯ್ಯುತ್ತಿತ್ತು. ಆ ಸರಪಳಿಗೆ ಸದಾ ಎಣ್ಣೆ ಉಣಿಸುತ್ತಿರಬೇಕು. ಎಣ್ಣೆ ತುಂಬುವ ಬಾಯಿಯ ಮುಚ್ಚಳವೇ ನಮ್ಮ ಶತ್ರು. ಪ್ಲಾಸ್ಟಿಕ್ಕಿನ ಚಪ್ಪಟೆ ಬಿಲ್ಲೆ. ಹಿಡಿಯಲು ಅಂಚಿಲ್ಲ, ತಿರುಗಿಸಲು ಇದ್ದ ಗೀರಿಗೆ ಆಳವಿಲ್ಲ. ನಾಲ್ಕಾಣೆ ತುರುಕಿ ತಿರುಗಿಸಿದರೆ ನಾಣ್ಯ ಜಾರಿ ಬೆರಳಿನ ಗೆಣ್ಣು ತರಚುತ್ತಿತ್ತು. ಕಟ್ಟಿಡಲು ತಂತಿಯೂ ಇಲ್ಲ; ಕೈತಪ್ಪಿದರೆ ಮರದ ಹೊಟ್ಟಿನಲ್ಲಿ ಮಾಯ.

"ಇದನ್ನ ಮಾಡಿದೋನು ಜನ್ಮದಲ್ಲಿ ಕೈಗೆ ಎಣ್ಣೆ ಮುಟ್ಟಿಸ್ಕೊಂಡಿಲ್ಲ ಕಣೋ," ಎನ್ನುತ್ತಿದ್ದರು ಭಾವ. "ನಿಮ್ಮಕ್ಕನ ಉಪ್ಪಿನಕಾಯಿ ಭರಣೀನೇ ವಾಸಿ."

"ಭರಣಿಗೆ ಬಟ್ಟೆ ಕಟ್ತಾಳಲ್ಲ ಭಾವ, ಇದಕ್ಕೂ ಕಟ್ಬಿಡಿ."

"ಬಿ.ಎಸ್ಸಿ. ಓದಿದ್ದು ಇದನ್ನ ಹೇಳೋಕಾ? ಹಗ್ಗ ಹಿಡ್ಕೋ ಹೋಗು."

ಹೀಗೆ ಬೈಸಿಕೊಂಡು ಶುರುವಾಗುತ್ತಿದ್ದ ಆ ಬೆಳಗುಗಳಿಗೆ, ಹಸಿ ಮರ ಮತ್ತು ಪೆಟ್ರೋಲು ಬೆರೆತ ಆ ವಾಸನೆಗೆ, ಮನಸ್ಸು ಈಗಲೂ ಹಾತೊರೆಯುತ್ತದೆ.

ಹಿಂದಿನ ದಿನ ಆಯುಧಪೂಜೆ. ಭಾವ ಯಂತ್ರವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಡಿಭಾಗಗಳನ್ನು ಒರೆಸಿಟ್ಟು, ಅರಿಶಿನ ಕುಂಕುಮ ಕಲಸಿ ದಪ್ಪ ಬೊಟ್ಟುಗಳನ್ನಿಟ್ಟರು. ಕಾಟ ಕೊಡುವುದಕ್ಕೇ ಹೆಚ್ಚು ಪೂಜೆ ಸಲ್ಲಬೇಕೆಂದು ಮುಚ್ಚಳಕ್ಕೆ ಕೈತುಂಬ ಬಳಿದರು. ಅದು ಮುಚ್ಚಳದ ತಿರುಪಿನ ಥ್ರೆಡ್ಡಿನೊಳಗೆ ಇಳಿದು ಬೆಳಗಾಗುವುದರೊಳಗೆ ಒಣಗಿ ಕಲ್ಲಾಗಿತ್ತು. ವಿಜಯದಶಮಿಯಂದು ಆಯುಧ ಸುಮ್ಮನಿರಬಾರದು. ಎಣ್ಣೆ ತುಂಬಿ ತಿರುಗಿಸಿದಾಗ ಮುಚ್ಚಳ ಎಂದೂ ಇಲ್ಲದಷ್ಟು ಬಿಗಿಯಾಯಿತು.

"ನೋಡಿದ್ಯಾ, ಪೂಜೆಗೆ ಒಲಿದ್ಲು," ಎಂದು ನಕ್ಕು ಯಂತ್ರದೊಂದಿಗೆ ಹುಣಸೆ ಮರ ಹತ್ತಿದರು.

ಬಿಗಿಯಾಗಿದ್ದು ಒಣಗಿದ ಕುಂಕುಮದಿಂದ; ಮುಚ್ಚಳ ಅರ್ಧಕ್ಕೇ ನಿಂತಿತ್ತು. ಯಂತ್ರ ಅದುರತೊಡಗಿದ ಮೇಲೆ ಹನಿ ಬಿತ್ತು, ಆಮೇಲೆ ಧಾರೆಯಾಯಿತು. ಕೂಗಿದೆ. ಆ ಆರ್ಭಟದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಕೈ ಬೀಸಿದೆ, ಅವರ ಕಣ್ಣು ಕೊಂಬೆಯ ಮೇಲಿತ್ತು. ಒಣಗಿದ ಸರಪಳಿಯಿಂದ ನೀಲಿ ಹೊಗೆ ಎದ್ದಿತು. ಮರುಕ್ಷಣ ಸರಪಳಿ ಹರಿದು ಹಾರಿ ಅವರ ಬಲಭುಜವನ್ನು ಸೀಳಿತು. ಎರಡು ಬೆರಳು ಪಕ್ಕಕ್ಕಾಗಿದ್ದರೆ ಕುತ್ತಿಗೆ. ಆ ಎರಡು ಬೆರಳನ್ನು ಇಂದಿಗೂ ನನ್ನ ಕತ್ತಿನ ಮೇಲಿಟ್ಟು ಅಳೆಯುತ್ತೇನೆ. ಅವರು ಎಡಗೈಯಿಂದ ಮರವನ್ನು ತಬ್ಬಿಕೊಂಡಿದ್ದರು. ಹತ್ತಿ, ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದೆ.

ಹೊಲಿಗೆ ಹಾಕಿದ ಡಾಕ್ಟರು, "ಜೀವಕ್ಕೇನೂ ಭಯ ಇಲ್ಲ. ಕೈ ಮೇಲೆ ಬರುತ್ತೋ ಇಲ್ವೋ ಈಗ್ಲೇ ಹೇಳೋಕಾಗಲ್ಲ," ಎಂದರು.

ಭಾವ ಯಂತ್ರವನ್ನು ಗುಜರಿಗೆ ಹಾಕಿದರು. ಮಾತು ಕಡಿಮೆಯಾಯಿತು. ಎಡಗೈಯಲ್ಲಿ ಯಾರಿಗೂ ಏನೂ ಕೊಡಬಾರದೆಂದು, ಬಂದವರಿಗೆ ಕೊಡುವ ಎಲೆಅಡಿಕೆ ತಟ್ಟೆಯನ್ನೂ ಅಕ್ಕನ ಕಡೆಗೆ ಸರಿಸುತ್ತಿದ್ದರು. ರಾತ್ರಿ ನಾನು ಕಣ್ಣು ಮುಚ್ಚಿದರೆ ಆ ಹೊಗೆ. ಬೆಚ್ಚಿ ಎದ್ದು ಕೂರುತ್ತಿದ್ದೆ. ಬೆಳಗಾದರೆ ಹೋಗಲು ಕೆಲಸವಿರಲಿಲ್ಲ, ಜೊತೆಗೆ ನಡೆಯುವವರೂ ಇರಲಿಲ್ಲ.

ಸಂಕ್ರಾಂತಿಯ ದಿನ ಅವರ ಮನೆಗೆ ಹೋದೆ. ಅಕ್ಕ ಎಳ್ಳುಬೆಲ್ಲದ ತಟ್ಟೆ ತಂದಳು. ಭಾವ, "ಇಲ್ಲಿ ಕೊಡು," ಎಂದರು. ಬಲಗೈಯಲ್ಲಿ ಒಂದು ಹಿಡಿ ತೆಗೆದು, ನಡುಗುತ್ತ ನನ್ನ ಎದೆಯ ಮಟ್ಟಕ್ಕೆ ಎತ್ತಿದರು. ಅರ್ಧ ನೆಲಕ್ಕೆ ಚೆಲ್ಲಿತು.

"ಬೇಗ ಒಡ್ಡೋ. ನೋಯುತ್ತೆ."

ಬೊಗಸೆ ಒಡ್ಡಿದೆ. ಅಂದು ರಾತ್ರಿ ಮಲಗಿದವನು ಬೆಳಿಗ್ಗೆ ಹಾಲಿನವಳು ಬಂದು ಬಾಗಿಲು ತಟ್ಟುವವರೆಗೂ ಏಳಲಿಲ್ಲ.